ಚಿಟಿಕೆ ಹಿಟ್ಟು

ಸೆಪ್ಟೆಂಬರ್ ೭, ಸೋಮವಾರ

ಬರೆಯಬೇಕಂತೆ. ಅರವತ್ತೇಳು ತುಂಬಿದ ಮೇಲೆ ನನಗೆ ಹೋಮ್‌ವರ್ಕು. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರು ಕಿವಿ ಹಿಂಡಿದ ದಿನವೇ ಸ್ಲೇಟನ್ನು ಅವರ ಮೇಜಿನ ಮೇಲಿಟ್ಟು ನಡೆದವನು ನಾನು. ನಡೆದು ಬಂದು ನಿಂತದ್ದು ಬೇಕರಿಯ ಭಟ್ಟಿಯ ಮುಂದೆ. ಅಲ್ಲಿಂದ ಈಚೆಗೆ ಪೆನ್ನು ಹಿಡಿದದ್ದು ಯಾರಿಗೆ ಎಷ್ಟು ಬನ್ನು, ಎಷ್ಟು ಬ್ರೆಡ್ ಎಂದು ಗೀಚಲು ಮಾತ್ರ. ಈಗ ಈ ಡಾಕ್ಟರಮ್ಮ, ನನ್ನ ಮಗಳಿಗಿಂತ ಒಂದೆರಡು ವರ್ಷ ಚಿಕ್ಕವಳೇ ಇರಬೇಕು, ಒಂದು ಪುಸ್ತಕ ಕೈಗಿಟ್ಟು, "ಬಾಯಿಗೆ ಹೋಗೋದೆಲ್ಲ ಬರೀರಿ ಯಜಮಾನ್ರೇ. ಹೊಟ್ಟೆ ಹೇಗಿತ್ತು, ಬೆರಳು ಹೇಗಿತ್ತು, ಮನಸ್ಸಿಗೆ ಏನನ್ನಿಸ್ತು, ಎಲ್ಲ" ಎಂದಳು.

"ಮನಸ್ಸಿಗೆ ಅನ್ನಿಸೋದನ್ನ ಬರೆದ್ರೆ ನೀವು ಓದೋಕಾಗಲ್ಲ" ಅಂದೆ.

"ನಾನು ಓದಲ್ಲ. ನಿಮಗೇ ಇರ್ಲಿ. ಬರೋವಾಗ ನೋಡ್ಕೊಂಡು ಹೇಳಿ ಸಾಕು."

ಯಾವುದೋ ಮಾತ್ರೆ ಕಂಪನಿಯವರು ಪುಕ್ಕಟೆ ಹಂಚಿದ ಪುಸ್ತಕ. ಮುಖಪುಟದಲ್ಲಿ ಹೊಟ್ಟೆಯ ಚೀಲದ ಚಿತ್ರ. ಅದಕ್ಕೆ ಕಣ್ಣು, ಬಾಯಿ ಬರೆದು ನಗಿಸಿದ್ದಾರೆ. ನನ್ನದು ನಗುತ್ತಿಲ್ಲ.

ಜೂನ್ ತಿಂಗಳಲ್ಲಿ ಗಂಟಲೊಳಗೆ ಹಾವಿನಂಥ ಕೊಳವೆ ಇಳಿಸಿ ಕರುಳಿನ ಫೋಟೊ ತೆಗೆದರು. ಕರುಳಿನ ಒಳಮೈ ಹೊಸ ಟವೆಲಿನ ಹಾಗೆ ಜೊಂಪೆಜೊಂಪೆಯಾಗಿರಬೇಕಂತೆ. ನನ್ನದು ಒಗೆದು ಒಗೆದು ಸವೆದ ಟವೆಲು. ಅದಕ್ಕೇ ತಿಂದದ್ದು ಮೈಗೆ ಹತ್ತುತ್ತಿಲ್ಲ, ಹನ್ನೊಂದು ಕಿಲೋ ಇಳಿದಿದ್ದೇನೆ, ರಕ್ತವಿಲ್ಲ, ಬೆರಳಿನ ಗಂಟುಗಳು ಬನ್ನಿನ ಹಾಗೆ ಊದುತ್ತವೆ. ರೋಗದ ಹೆಸರು ಸೀಲಿಯಾಕ್. ಕಾರಣ ಗೋಧಿ. ಐವತ್ತೇಳು ವರ್ಷ ಬ್ರೆಡ್ ಬೇಯಿಸಿದವನಿಗೆ ಬ್ರೆಡ್ ಆಗುವುದಿಲ್ಲವಂತೆ. ಮೀನನ್ನು ಹಿಡಿದು ನಿನಗೆ ನೀರು ಆಗಿಬರುವುದಿಲ್ಲ ಎಂದ ಹಾಗೆ.

ಆಯಿತು, ಬಿಟ್ಟೆ. ಮೂರು ತಿಂಗಳಿಂದ ಬ್ರೆಡ್ಡಿನ ಒಂದು ಚೂರೂ ತಿಂದಿಲ್ಲ. ಆದರೂ ರಕ್ತಪರೀಕ್ಷೆಯಲ್ಲಿ ನೂರೆಂಬತ್ತಿದ್ದ ಈ ರೋಗದ ಅಂಕಿ ನೂರೆಪ್ಪತ್ತೊಂದಕ್ಕೆ ಬಂದು ಕೂತಿದೆ. ಹತ್ತರ ಕೆಳಗಿರಬೇಕಂತೆ. ಹೀಗೇ ಇದ್ದರೆ ಕರುಳು ಇನ್ನೂ ಕೆಡುತ್ತದಂತೆ. ಅವಳು ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ನೋಡಿದ ನೋಟಕ್ಕೆ ಅರ್ಥ ಒಂದೇ: ಮುದುಕ ಕದ್ದು ತಿನ್ನುತ್ತಿದ್ದಾನೆ.

ಕಳ್ಳನೆಂದು ಅನ್ನಿಸಿಕೊಂಡದ್ದು ಇದೇ ಮೊದಲು. ಅದಕ್ಕೇ ಬರೆಯುತ್ತೇನೆ. ಅವಳ ಮುಖಕ್ಕೆ ಹಿಡಿಯಲು.

ಸೆಪ್ಟೆಂಬರ್ ೮, ಮಂಗಳವಾರ

ಬೆಳಿಗ್ಗೆ ಗಂಜಿ. ಹತ್ತಕ್ಕೆ ಒಂದು ಬಾಳೆಹಣ್ಣು. ಮಧ್ಯಾಹ್ನ ಅನ್ನ, ಬೇಯಿಸಿದ ಕುಂಬಳಕಾಯಿ, ಮೊಟ್ಟೆ. ಸಂಜೆ ಹಾಲು. ರಾತ್ರಿ ಮತ್ತೆ ಅನ್ನ. ಇದರಲ್ಲಿ ಕಳ್ಳತನ ಎಲ್ಲಿದೆ, ಹುಡುಕಿಕೊಳ್ಳಲಿ.

ಮನೆಯ ಕೆಳಗಿನ ಬೇಕರಿಗೆ ಹೊಸ ಹಿಟ್ಟು ಬಂದಿತ್ತು. ನಾಲ್ಕೂ ಮೂಟೆ ಬಿಚ್ಚಿಸಿ ನೋಡಿದೆ. ಮೂರನೆಯದು ಮುಗ್ಗಲು. ಗಿರಣಿಯವನು, "ನಿನ್ನೆ ಬೀಸಿದ್ದು ಸ್ವಾಮಿ" ಎಂದ. "ನಿನ್ನೆ ಬೀಸಿದ್ದು ನೀನೋ, ನಿಮ್ಮ ತಾತನೋ?" ಅಂದೆ. ತೆಪ್ಪಗೆ ಹೊತ್ತುಕೊಂಡು ಹೋದ. ನನ್ನ ನಾಲಿಗೆಗೆ ಸುಳ್ಳು ಹೇಳುವ ಗಿರಣಿ ಇನ್ನೂ ಹುಟ್ಟಿಲ್ಲ.

ಹೊಟ್ಟೆ: ಕಕ್ಕಸಿಗೆ ನಾಲ್ಕು ಸಲ. ಬೆರಳು: ಊದಿದೆ.

ಸೆಪ್ಟೆಂಬರ್ ೧೧, ಶುಕ್ರವಾರ

ಹೆಂಡತಿ ಪಟ್ಟು ಹಿಡಿದಳು, ಈ ರೋಗ ಅಂದರೆ ಏನು ಎಂದು ತಿಳಿಯುವ ಹಾಗೆ ಹೇಳಬೇಕಂತೆ. ಡಾಕ್ಟರಮ್ಮ ಹೇಳಿದ್ದನ್ನು ಹೇಳಿದೆ. ಮೈಯೊಳಗೆ ಕಾವಲುಗಾರರಿದ್ದಾರೆ. ಹೊರಗಿನಿಂದ ಕ್ರಿಮಿ ಬಂದರೆ ಬಡಿಯುವುದು ಅವರ ಕೆಲಸ. ಕೆಲವರ ಮೈಯಲ್ಲಿ ಆ ಕಾವಲುಗಾರರಿಗೆ ಗೋಧಿಯೂ ವೈರಿಯಂತೆ ಕಾಣುತ್ತದೆ. ಅದನ್ನು ಬಡಿಯುವ ಭರದಲ್ಲಿ ಸ್ವಂತ ಕರುಳನ್ನೇ ಬಡಿದು ಹಾಕುತ್ತಾರೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಇವಳು ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತಲಿಲ್ಲ. "ಮನೆಯವರನ್ನೇ ಬಡಿಯೋ ಕಾವಲುಗಾರ. ಅದು ರೋಗ ಅಲ್ಲ ಕಣ್ರೀ, ಅದು ನಿಮ್ಮ ಸ್ವಭಾವ."

"ಊಟ ಬಲ್ಲವನಿಗೆ ರೋಗವಿಲ್ಲ ಅಂತಾರೆ" ಅಂದೆ, ಮಾತು ತಿರುಗಿಸಲು.

"ಮಾತು ಬಲ್ಲವನಿಗೆ ಜಗಳವಿಲ್ಲ ಅಂತಲೂ ಅಂತಾರೆ. ನಿಮಗೆ ಎರಡೂ ಬರಲ್ಲ."

ನಲವತ್ತು ವರ್ಷದಿಂದ ಕೊನೆಯ ಮಾತು ಇವಳದೇ.

ಈ ರೋಗ ಈಗ ಯಾಕೆ ಬಂತು ಎಂದು ಡಾಕ್ಟರಮ್ಮನನ್ನು ಕೇಳಿದ್ದೆ. ಹುಟ್ಟಿನಿಂದ ಬಂದ ಗುಣ ಇರಬೇಕು, ಗೋಧಿ ತಿನ್ನಬೇಕು, ಅದರ ಮೇಲೆ ಎಲ್ಲಿಂದಲೋ ಒಂದು ಕಿಡಿ ಬೀಳಬೇಕು ಎಂದಳು. ಹೊಟ್ಟೆಗೆ ತಗಲಿದ ಸೋಂಕು ಕೆಲವರಿಗೆ ಆ ಕಿಡಿ ಆಗಿರಬಹುದು. ಒಳಗೆ ಬದುಕುವ ಒಳ್ಳೆಯ ಕ್ರಿಮಿಗಳ ಸಮತೋಲ ಕೆಟ್ಟದ್ದೂ ಇರಬಹುದು. ಇರಬಹುದು, ಇರಬಹುದು. ಭಟ್ಟಿ ಕಾದಿದೆಯಾ ಎಂದರೆ ಕಾದಿರಬಹುದು ಎನ್ನುವವನನ್ನು ನಾನು ಅರ್ಧ ದಿನವೂ ಇಟ್ಟುಕೊಳ್ಳುವುದಿಲ್ಲ.

ಕಿಡಿ ಯಾವುದೆಂದು ನನಗೆ ಗೊತ್ತು. ಎರಡು ವರ್ಷದ ಹಿಂದೆ ತಾರಸಿಯ ನೀರಿನ ತೊಟ್ಟಿಯಲ್ಲಿ ಪಾರಿವಾಳ ಸತ್ತು ಬಿದ್ದಿತ್ತು. ಮನೆಮಂದಿಯೆಲ್ಲ ಒಂದು ವಾರ ವಾಂತಿ, ಭೇದಿ. ಉಳಿದವರು ಎದ್ದರು. ನನ್ನ ಹೊಟ್ಟೆ ಮಲಗಿದ್ದು ಏಳಲಿಲ್ಲ. ಎಲ್ಲ ಆ ನಲ್ಲಿ ರಿಪೇರಿಯವನ ತಪ್ಪು. ತೊಟ್ಟಿ ತೊಳೆಯುವವನು ಅವನು. ಅವತ್ತೇ ಅವನನ್ನು ಬಿಡಿಸಿದೆ.

ಸೆಪ್ಟೆಂಬರ್ ೧೫, ಮಂಗಳವಾರ

ಮಗಳ ಮೇಲೆ ಕೂಗಾಡಿದೆ. ಟ್ರೇಗಳು ಸಾಲಾಗಿ ನಿಂತಿವೆ, ಭಟ್ಟಿ ಹದಕ್ಕೆ ಬಂದಿದೆ, ಇವಳೆಲ್ಲಿ? ಕಕ್ಕಸಿನಲ್ಲಿ. ಬಾಗಿಲು ಬಡಿದರೆ, "ಬಂದೆ ಅಪ್ಪಾ, ಒಂದ್ನಿಮಿಷ." ಒಂದು ನಿಮಿಷ ಹೋಗಿ ಹತ್ತಾಯಿತು. ಒಳಗೆ ಫೋನು ಒತ್ತುತ್ತ ಕೂರುತ್ತಾಳೆ. ಫೋನು ಮೇಜಿನ ಮೇಲೆಯೇ ಇತ್ತು, ಅದು ಬೇರೆ ಮಾತು.

ಹೊರಗೆ ಬಂದವಳ ಮುಖ ಹಿಟ್ಟಿನ ಚೀಲದ ಹಾಗಿತ್ತು. "ಬ್ರೆಡ್ ನಿನಗೋಸ್ಕರ ಕಾಯಲ್ಲ ಕಣೇ" ಅಂದೆ.

"ಗೊತ್ತಪ್ಪಾ. ಕಾಯೋದೆಲ್ಲ ನಾನೇ ತಾನೇ" ಎಂದು ಟ್ರೇ ಎತ್ತಿಕೊಂಡಳು.

ಮೂವತ್ತನಾಲ್ಕು ವರ್ಷ. ಐದು ವರ್ಷದಿಂದ ಭಟ್ಟಿ ಅವಳದೇ. ಅಳಿಯ ವ್ಯಾನು ಓಡಿಸುತ್ತಾನೆ, ಬಾಯಿ ಓಡಿಸುವುದಿಲ್ಲ. ಇಬ್ಬರಿಗೂ ಬುದ್ಧಿ ಹೇಳಲು ಉಳಿದಿರುವವನು ನಾನೊಬ್ಬನೇ. ಈ ಕೈ ಮುಷ್ಟಿಯಾಗುತ್ತಿದ್ದರೆ ಉದ್ದಹಿಡಿಯ ಹಲಗೆ ಹಿಡಿದು ಟ್ರೇಗಳನ್ನು ನಾನೇ ಭಟ್ಟಿಯೊಳಗಿಡುತ್ತಿದ್ದೆ. ಹಿಡಿದೆ. ಮೊದಲನೇ ಟ್ರೇಗೇ ಜಾರಿತು. ಹನ್ನೆರಡು ಬನ್ನು ಬೂದಿಯೊಳಗೆ. ಮಗಳು ಬಗ್ಗಿ ಒಂದೊಂದೇ ಹೆಕ್ಕಿದಳು. ಬೈದಿದ್ದರೆ ಚೆನ್ನಾಗಿತ್ತು.

ಊಟ: ನಿನ್ನೆಯದೇ. ಹೊಟ್ಟೆ: ಐದು.

ಸೆಪ್ಟೆಂಬರ್ ೧೮, ಶುಕ್ರವಾರ

ಇವತ್ತು ನಲವತ್ತು ಬ್ರೆಡ್ ಉಳಿಸಿದೆ.

ಮಷೀನು ಹಿಟ್ಟು ಕಲಸಿ ನಿಂತಿತ್ತು. ಮಗಳು ಅಚ್ಚಿಗೆ ತುಂಬಲು ಶುರು ಮಾಡಿದ್ದಳು. ಪಕ್ಕದಲ್ಲಿ ನಿಂತಿದ್ದೆ. ಒಂದು ಚಿಟಿಕೆ ತೆಗೆದು ಬಾಯಿಗಿಟ್ಟೆ. ಸಪ್ಪೆ.

"ಉಪ್ಪೆಲ್ಲೇ?"

"ಹಾಕ್ದೆನಲ್ಲಪ್ಪಾ?"

"ಹಾಕಿದ್ದು ಕನಸಲ್ಲಿ. ನೋಡು."

ಅವಳೂ ಒಂದು ಚಿಟಿಕೆ ಬಾಯಿಗಿಟ್ಟಳು. ಇನ್ನೊಂದು ಚಿಟಿಕೆ ಇಟ್ಟಳು. ಕಣ್ಣು ಕೆಳಗೆ ಹಾಕಿದಳು. ಮರೆತಿದ್ದಾಳೆ. ಈಚೆಗೆ ಬಹಳ ಮರೆಯುತ್ತಾಳೆ. ಅವಳಿಗೆ ಆರು ವರ್ಷವಿದ್ದಾಗ ಹಿಟ್ಟಿನ ಮೂಟೆಯ ಮೇಲೆ ಕೂರಿಸಿ ನಾನೇ ಕಲಿಸಿದ ವಿದ್ಯೆ ಅದು: ಕಣ್ಣನ್ನು ನಂಬಬೇಡ, ತಕ್ಕಡಿಯನ್ನು ನಂಬಬೇಡ, ನಾಲಿಗೆಯನ್ನು ನಂಬು. ಮೂಟೆ ಬಿಚ್ಚಿದಾಗ ಒಂದು ಚಿಟಿಕೆ, ಕಲಸಿದಾಗ ಒಂದು, ಉಬ್ಬಿದ ಮೇಲೆ ಒಂದು. ಇವತ್ತಿಗೂ ದಿನಕ್ಕೆ ಹತ್ತು ಸಲ ಅದೇ ಕೆಲಸ, ಅವಳಿಗೂ ನನಗೂ.

ಬೆರಳು ಹೋದರೂ ನಾಲಿಗೆ ಹೋಗಿಲ್ಲ. ಇವತ್ತು ಖುಷಿ. ಮನಸ್ಸಿಗೆ ಅನ್ನಿಸಿದ್ದು ಬರೆಯಿರಿ ಎಂದಿದ್ದಳಲ್ಲ, ಬರೆದಿದ್ದೇನೆ.

ಊಟ: ಗಂಜಿ, ಅನ್ನ, ಆಲೂಗಡ್ಡೆ, ಹಾಲು. ಇನ್ನೇನೂ ಇಲ್ಲ.

ಸೆಪ್ಟೆಂಬರ್ ೨೧, ಸೋಮವಾರ

ಏಳು ಸಲ. ಪೆನ್ನು ಹಿಡಿಯಲು ಆಗುತ್ತಿಲ್ಲ.

ಸೆಪ್ಟೆಂಬರ್ ೨೮, ಸೋಮವಾರ

ಆಸ್ಪತ್ರೆಗೆ ಹೋದೆ. ಪುಸ್ತಕ ತೆರೆದು ಒಂದೊಂದೇ ದಿನದ ಊಟ ಓದಿ ಹೇಳಿದೆ. ಎದೆ ಉಬ್ಬಿಸಿಯೇ ಹೇಳಿದೆ. ಡಾಕ್ಟರಮ್ಮ ಎಲ್ಲ ಕೇಳಿ ಹಣೆ ಉಜ್ಜಿಕೊಂಡಳು. "ಸರಿಯಾಗೇ ತಿಂತಿದೀರ. ಮತ್ಯಾಕೆ ಅಂಕಿ ಇಳೀತಿಲ್ಲ?"

"ಅದನ್ನ ಹೇಳೋಕೆ ತಾನೇ ನೀವು ಓದಿರೋದು?" ಅಂದೆ.

ಬೇಕರಿಯಲ್ಲಿ ಈಗಲೂ ಕೆಲಸ ಮಾಡುತ್ತೀರಾ ಎಂದಳು. ಈ ಕೈಯಲ್ಲಿ ಕೆಲಸ ಎಲ್ಲಿಂದ, ಬರೀ ಮೇಲುಸ್ತುವಾರಿ ಎಂದೆ. ಸುಮ್ಮನಿರಬೇಕಿತ್ತೋ ಏನೋ. ನನಗೂ ಬೆಲೆಯಿದೆ ಎಂದು ತೋರಿಸುವ ಚಪಲ. ನಲವತ್ತು ಬ್ರೆಡ್ ಉಳಿಸಿದ ಕಥೆ ಹೇಳಿಬಿಟ್ಟೆ.

ಅವಳ ಪೆನ್ನು ನಿಂತಿತು. "ಉಪ್ಪಿಲ್ಲ ಅಂತ ಹೇಗೆ ಗೊತ್ತಾಯ್ತು?"

"ನಾಲಿಗೆಯಿಂದ. ಇನ್ಹೇಗೆ?"

"ದಿನಕ್ಕೆಷ್ಟು ಸಲ?"

"ಎಂಟು, ಹತ್ತು. ಹಿಟ್ಟು ಬಂದ ದಿನ ಹೆಚ್ಚು."

ಅವಳು ಪೆನ್ನು ಮೇಜಿನ ಮೇಲಿಟ್ಟಳು. ಆಮೇಲೆ, "ಯಜಮಾನ್ರೇ, ಅದು ಬಾಯಿಗೆ ಹೋಗೋದಲ್ವಾ?"

"ಅದು ತಿನ್ನೋದಲ್ಲಮ್ಮ. ಅದು ಕೆಲಸ."

ಹೇಳಿದ ಮೇಲೆ ಕಿವಿಗೆ ಬಿತ್ತು, ನಾನು ಏನು ಹೇಳಿದೆ ಎಂದು. ಅವಳು ನಗಬಹುದಿತ್ತು. ನಗಲಿಲ್ಲ. ಅದೇ ಹೆಚ್ಚು ಅವಮಾನವಾಯಿತು. ಒಂದು ಚೂರು ಸಾಕಂತೆ ಕಾವಲುಗಾರರು ಎದ್ದು ಕೂರಲು. ನಾನು ದಿನಕ್ಕೆ ಹತ್ತು ಸಲ ಅವರ ಬಾಗಿಲು ಬಡಿದು ಎಬ್ಬಿಸಿದ್ದೇನೆ. ಗಾಳಿಯಲ್ಲಿ ಹಾರುವ ಹಿಟ್ಟಿನ ಧೂಳೂ ಬಾಯಿಗೆ ಹೋಗಿ ಹೊಟ್ಟೆ ಸೇರುತ್ತದಂತೆ. ಚಿಟಿಕೆ ಬಿಟ್ಟರೆ ಸಾಲದು, ಬೇಕರಿಯೊಳಗೆ ಕಾಲಿಡಬಾರದು.

"ಎಷ್ಟು ದಿನ?"

"ದಿನ ಅಲ್ಲ. ಇನ್ಮೇಲೆ."

ಬಾಗಿಲ ಹತ್ತಿರ ಹೋದವನನ್ನು ನಿಲ್ಲಿಸಿ ಕೇಳಿದಳು, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಉಂಟಾ, ಇದು ರಕ್ತಸಂಬಂಧದಲ್ಲಿ ಬರುತ್ತದೆ ಎಂದು. ಇಲ್ಲ ಅಂದೆ. ಎಲ್ಲರೂ ಗಟ್ಟಿಯಾಗಿದ್ದಾರೆ ಅಂದೆ.

ಸೆಪ್ಟೆಂಬರ್ ೩೦, ಬುಧವಾರ

ನನ್ನನ್ನು ಹಾಕಿರುವುದು ಮಾಳಿಗೆಯ ಕೋಣೆಗೆ. ಹನ್ನೊಂದು ಹೆಜ್ಜೆ ಉದ್ದ, ಎಂಟು ಹೆಜ್ಜೆ ಅಗಲ. ಮಂಚ, ಕುರ್ಚಿ, ಒಂದು ಸಣ್ಣ ಒಲೆ. ನನ್ನ ಪಾತ್ರೆಯೇ ಬೇರೆ, ಚಮಚವೇ ಬೇರೆ. ಬೀದಿ ಕಡೆಗೊಂದು ಕಿಟಕಿ. ಬೇಕರಿಯ ಒಳಗನ್ನು ಮೇಲಿನಿಂದ ನೋಡುವ ಹಾಗೆ ಇನ್ನೊಂದು ಗಾಜಿನ ಕಿಟಕಿ. ಅದನ್ನು ಇಡಿಸಿದವನು ನಾನೇ, ಕೆಲಸದವರು ಮೈಗಳ್ಳತನ ಮಾಡದಿರಲಿ ಎಂದು. ಈಗ ಹೆಂಡತಿ ಅದರ ಸಂದಿಗೆಲ್ಲ ಅಂಟುಪಟ್ಟಿ ಹಚ್ಚಿ ಮುಚ್ಚಿದ್ದಾಳೆ. ಧೂಳು ಬರಬಾರದಂತೆ. ನೋಡಬಹುದು, ಮುಟ್ಟುವ ಹಾಗಿಲ್ಲ, ಕೂಗಿದರೆ ಕೇಳುವುದಿಲ್ಲ.

ಕೂಗಿ ನೋಡಿದೆ. ಎರಡನೇ ಸಾಲಿನ ಟ್ರೇ ಹೊತ್ತುತ್ತಿತ್ತು. ಗಾಜು ಬಡಿದು ಕೂಗಿದೆ. ಮಷೀನಿನ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಮೂವತ್ತೊಂದು ವರ್ಷದಿಂದ ಈ ಬೇಕರಿಯಲ್ಲಿ ನನ್ನ ದನಿಗೆ ಎದುರು ದನಿ ಇರಲಿಲ್ಲ. ಈಗ ಬಾಯಿ ತೆರೆಯುವ ಮುಚ್ಚುವ ಮೀನು ನಾನು. ಕೆಳಗಿನವನೊಬ್ಬ ತಲೆಯೆತ್ತಿ ನೋಡಿ ಕೈ ಬೀಸಿದ. ನಮಸ್ಕಾರ ಅಂದುಕೊಂಡನೇನೋ, ಕತ್ತೆ.

ವಾಸನೆ ಮಾತ್ರ ನೆಲದ ಸಂದಿಯಿಂದ ಬರುತ್ತದೆ. ಅದಕ್ಕೆ ಅಂಟುಪಟ್ಟಿ ಹಚ್ಚಲು ಇವಳಿಗೂ ಆಗಿಲ್ಲ.

ಅಕ್ಟೋಬರ್ ೩, ಶನಿವಾರ

ಮಾಡಲು ಕೆಲಸವಿಲ್ಲ, ನೋಡುವುದೇ ಕೆಲಸ. ಬೆಳಿಗ್ಗೆಯಿಂದ ಹನ್ನೆರಡರವರೆಗೆ ಮಗಳು ಹಿಂದಿನ ಕಕ್ಕಸಿಗೆ ಹೋದದ್ದು ಮೂರು ಸಲ. ಹೋದಾಗಲೆಲ್ಲ ಭಟ್ಟಿಯ ಗೋಡೆಗೆ ಒಂದು ಕೈ ಕೊಟ್ಟು ನಿಂತು, ಆಮೇಲೆ ಹೋಗುತ್ತಾಳೆ. ಸೋಮಾರಿತನಕ್ಕೂ ಒಂದು ಮಿತಿ ಬೇಡವೇ. ಮಧ್ಯಾಹ್ನ ಬನ್ನು ಮುರಿದು ಟೀಯಲ್ಲಿ ಅದ್ದಿ ತಿಂದಳು. ಅರ್ಧ ಬಿಟ್ಟಳು.

ಚಿಟಿಕೆ ಒಂಬತ್ತು ಸಲ.

ಅಕ್ಟೋಬರ್ ೬, ಮಂಗಳವಾರ

ನಾಲ್ಕು ಸಲ ಹೋದಳು. ಹೊಟ್ಟೆಯ ಮೇಲೆ ಕೈಯಿಟ್ಟು ಮೂಟೆಯ ಮೇಲೆ ಕೂತಿದ್ದಳು, ಯಾರೋ ಬಂದ ತಕ್ಷಣ ಎದ್ದಳು. ಎಪ್ರನ್ನಿನ ದಾರ ಹಿಂದೆ ಒಂದು ಸುತ್ತು ಬರುತ್ತಿದ್ದದ್ದು ಈಗ ಎರಡು ಸುತ್ತು ಬಂದು ಮುಂದೆ ಗಂಟಾಗುತ್ತದೆ. ಮೊಣಕೈ ಕೆರೆಯುತ್ತಾಳೆ. ಟ್ರೇ ಹಿಡಿಯುವಾಗ ಕಿರುಬೆರಳು ಮಡಿಸುವುದಿಲ್ಲ.

ಇವಳನ್ನು ಕೇಳಿದೆ, ಮಗಳು ಸರಿಯಾಗಿ ತಿನ್ನುತ್ತಾಳಾ ಎಂದು. "ಈಗ ಕಂಡ್ತಾ?" ಎಂದಳು. ಅಷ್ಟೇ. ಮುಂದೆ ಮಾತು ಬೆಳೆಸಲಿಲ್ಲ. ಇವಳು ಮಾತು ಬೆಳೆಸದಿದ್ದರೆ ನನಗೆ ಹೆದರಿಕೆ.

ಅಕ್ಟೋಬರ್ ೯, ಶುಕ್ರವಾರ

ಐದು ಸಲ. ಬೆಳಿಗ್ಗೆ ಏನೂ ತಿಂದಿಲ್ಲ. ಹತ್ತಕ್ಕೆ ರಸ್ಕು ಎರಡು. ಚಿಟಿಕೆ ಹತ್ತು. ಎರಡು ಗಂಟೆಗೆ ಭಟ್ಟಿಯ ಬಾಗಿಲಲ್ಲಿ ಕಣ್ಣು ಕತ್ತಲಾಯಿತೇನೋ, ಕಂಬ ಹಿಡಿದಳು. ಗಾಜು ಬಡಿದೆ. ನೋಡಲಿಲ್ಲ.

ಅಕ್ಟೋಬರ್ ೧೨, ಸೋಮವಾರ

ಆಸ್ಪತ್ರೆ. ಪುಸ್ತಕ ತೆರೆದೆ. ಡಾಕ್ಟರಮ್ಮ, "ಹೇಳಿ, ಈ ಎರಡು ವಾರ ಹೊಟ್ಟೆ ಹೇಗಿತ್ತು?" ಎಂದಳು. ಓದಲು ಹೊರಟೆ. ಮೂರನೇ ತಾರೀಖು, ಮೂರು ಸಲ. ಆರನೇ ತಾರೀಖು, ನಾಲ್ಕು. ಒಂಬತ್ತು, ಐದು. ರಸ್ಕು ಎರಡು. ಕಣ್ಣು ಕತ್ತಲೆ.

"ರಸ್ಕು ತಿಂದ್ರಾ?" ಎಂದು ಅವಳು ಮುಂದಕ್ಕೆ ಬಾಗಿದಳು.

"ನಾನಲ್ಲ. ಮಗಳು."

"ಹಾಗಾದ್ರೆ ನಿಮ್ಮ ಹೊಟ್ಟೆ?"

ಹಾಳೆ ತಿರುವಿದೆ. ಹಿಂದಕ್ಕೆ ತಿರುವಿದೆ. ನನ್ನ ಹೊಟ್ಟೆ ಎಲ್ಲೂ ಇರಲಿಲ್ಲ. ನೆನಪು ಮಾಡಿಕೊಂಡರೆ ದಿನಕ್ಕೆ ಒಂದೋ ಎರಡೋ ಸಲ, ಬೆರಳು ಸ್ವಲ್ಪ ಬಾಗುತ್ತದೆ. ಬರೆಯಬೇಕೆಂದೇ ಹೊಳೆದಿಲ್ಲ.

ಡಾಕ್ಟರಮ್ಮ ಪುಸ್ತಕ ಕೇಳಲಿಲ್ಲ. ನಾನೇ ಅವಳ ಕಡೆ ತಿರುಗಿಸಿ ಇಟ್ಟೆ. ಓದಿ ಮುಗಿಸಿ ನಿಧಾನಕ್ಕೆ ಕೇಳಿದಳು, ಮಗಳಿಗೆ ಮಕ್ಕಳೆಷ್ಟು ಎಂದು. ಇಲ್ಲ, ಎರಡು ವರ್ಷದ ಹಿಂದೆ ಬಸಿರು ನಾಲ್ಕು ತಿಂಗಳಿಗೆ ಹೋಯಿತು ಅಂದೆ. ಅವಳು ತಲೆ ಆಡಿಸಿದಳು. ಅದಕ್ಕೂ ಇದಕ್ಕೂ ಸಂಬಂಧ ಇರಬಹುದು, ಇಲ್ಲದೆಯೂ ಇರಬಹುದು, ಮೊದಲು ರಕ್ತ ನೋಡಬೇಕು ಎಂದಳು. ಈ ಸಲ ಇರಬಹುದು ಎನ್ನುವ ಮಾತಿಗೆ ನನಗೆ ಸಿಟ್ಟು ಬರಲಿಲ್ಲ.

"ಇವತ್ತಿಂದ್ಲೇ ಬ್ರೆಡ್ ಬಿಡಿಸ್ತೀನಿ" ಅಂದೆ.

"ಬೇಡ! ಪರೀಕ್ಷೆ ಆಗೋವರೆಗೂ ಬಿಡಿಸ್ಬೇಡಿ. ಗೋಧಿ ಬಿಟ್ರೆ ರಕ್ತದಲ್ಲಿ ಅದು ಕಾಣದೇ ಹೋಗಬಹುದು. ದಿನಾ ತಿಂತಾ ಇರ್ಬೇಕು. ಆದಷ್ಟು ಬೇಗ ಕರ್ಕೊಂಡು ಬನ್ನಿ."

ಅಂದರೆ ಅವಳು ಬರುವವರೆಗೆ ನಾನು ಗಾಜಿನ ಹಿಂದೆ ಕೂತು, ಅವಳು ತಿನ್ನುವುದನ್ನು ನೋಡುತ್ತಿರಬೇಕು.

ಅಕ್ಟೋಬರ್ ೧೩, ಮಂಗಳವಾರ

ಕೆಲಸ ಮುಗಿಸಿ, ಸ್ನಾನ ಮಾಡಿ, ಬಟ್ಟೆ ಬದಲಿಸಿಕೊಂಡು ಬಾ ಎಂದು ಹೇಳಿ ಕಳಿಸಿದ್ದೆ. ಬಂದಳು. ಬಾಗಿಲಲ್ಲೇ ನಿಂತಳು. ನನಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ.

"ನಾಳೆ ನನ್ನ ಜೊತೆ ಬಂದು ರಕ್ತ ಕೊಡು."

"ಯಾಕೆ?"

"ನಂಗಿರೋದೇ ನಿಂಗೂ ಇದೆ. ಎಲ್ಲ ಬರ್ದಿಟ್ಟಿದೀನಿ. ಶುಕ್ರವಾರ ಐದ್ಸಲ ಹೋಗಿದೀಯ."

ಅವಳ ಮುಖ ಕೆಂಪಾಯಿತು. "ನಾನು ಎಷ್ಟ್ಸಲ ಕಕ್ಕಸಿಗೆ ಹೋದೆ ಅಂತ ಬರ್ದಿಟ್ಟಿದೀಯಾ? ಮೇಲೆ ಕೂತ್ಕೊಂಡು?"

"ಇನ್ನೇನ್ ಮಾಡ್ಲಿ, ಕಟ್ಟಿ ಹಾಕಿದೀರಲ್ಲ ಇಲ್ಲಿ!"

"ಅಪ್ಪಾ, ಕೂಗ್ಬೇಡ. ಒಂದ್ ಮಾತು ಕೇಳು." ಮಂಚದ ತುದಿಯಲ್ಲಿ ಕೂತಳು. "ರಕ್ತ ಕೊಟ್ಟೆ ಅನ್ಕೋ. ನಿನಗಿರೋದೇ ನಂಗೂ ಇದೆ ಅಂದ್ರು ಅನ್ಕೋ. ಆಮೇಲೆ ಕೆಳಗೆ ಯಾರು? ನಾನೂ ಇಲ್ಲಿ ಬಂದು ನಿನ್ನ ಪಕ್ಕ ಇನ್ನೊಂದು ಮಂಚ ಹಾಕ್ಕೊಂಡು ಗಾಜಿಂದ ನೋಡ್ಲಾ? ಗೊತ್ತಾದ್ರೆ ತಾನೇ ಅದು ರೋಗ. ಗೊತ್ತಾಗೋವರೆಗೂ ಬರೀ ಹೊಟ್ಟೆನೋವು. ಹೊಟ್ಟೆನೋವು ಇಟ್ಕೊಂಡು ಭಟ್ಟಿ ನಡೆಸ್ಬಹುದು."

"ಹುಚ್ಚಿ, ಸಾಯ್ತೀಯ ಕಣೇ!"

"ಭಟ್ಟಿ ಆರಬಾರದು ಅಂತ ಹೇಳ್ಕೊಟ್ಟೋನು ನೀನೇ."

ಎದ್ದು ಹೋದಳು. ನಾನು ಕೂಗಿದೆ. ಏನೇನೋ ಅಂದೆ. ಮೆಟ್ಟಿಲ ಮೇಲಿನ ಹೆಜ್ಜೆ ಒಂದು ಕ್ಷಣವೂ ನಿಲ್ಲಲಿಲ್ಲ.

ಅಕ್ಟೋಬರ್ ೧೪, ಬುಧವಾರ

ಹಿಂದೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಕದ್ದು ತಿನ್ನುತ್ತಾನೆ ಎನ್ನುವ ನೋಟಕ್ಕೇ ಉರಿದುಬಿದ್ದವನು ನಾನು, ಸುಳ್ಳು ಬರೆದು ಇಟ್ಟುಕೊಳ್ಳಬಾರದು.

ತೊಟ್ಟಿ ತೊಳೆಯುವ ಹೊತ್ತಾಯಿತು ಎಂದು ನಲ್ಲಿ ರಿಪೇರಿಯವನು ಮೂರು ಸಲ ಬಂದು ಕೇಳಿದ್ದ. ಮುಂದಿನ ವಾರ ಬಾ, ಮುಂದಿನ ವಾರ ಬಾ ಎಂದು ಕಳಿಸಿದವನು ನಾನು. ತೊಳೆಯಲು ಅರ್ಧ ದಿನ ನೀರು ನಿಲ್ಲಿಸಬೇಕು, ನೀರು ನಿಂತರೆ ಹಿಟ್ಟು ಕಲಸುವುದು ನಿಲ್ಲುತ್ತದೆ, ಭಟ್ಟಿ ಆರುತ್ತದೆ. ನಾಲ್ಕನೇ ಸಲ ಅವನು ಬರಲಿಲ್ಲ. ಪಾರಿವಾಳ ಬಂತು.

ಆ ನೀರು ಕುಡಿದು ಮಲಗಿದವರಲ್ಲಿ ಮಗಳೂ ಇದ್ದಳು. ಆಗ ಅವಳಿಗೆ ಮೂರು ತಿಂಗಳು. ನಾಲ್ಕಕ್ಕೆ ಹೋಯಿತು. ನೀರಿನಿಂದ ಹೋಯಿತೋ, ಗೋಧಿಯಿಂದ ಹೋಯಿತೋ, ಹೋಗಬೇಕೆಂದೇ ಹೋಯಿತೋ, ಯಾರೂ ಹೇಳಲಾರರು. ಆದರೆ ಅವಳು ಆಸ್ಪತ್ರೆಯಿಂದ ಬಂದ ಮೂರನೇ ದಿನ ನಾನು ಆಡಿದ ಮಾತನ್ನು ಬೇರೆ ಯಾರೂ ಆಡಿಸಲಿಲ್ಲ. ಬಾಗಿಲಲ್ಲಿ ನಿಂತು, "ಎಷ್ಟು ದಿನ ಮಲಗಿರ್ತೀಯ? ಭಟ್ಟಿ ಆರಿಸೋಕಾಗುತ್ತಾ?" ಅಂದೆ. ನಾಲ್ಕನೇ ದಿನ ಅವಳು ಕೆಳಗೆ ಬಂದಳು. ಒಂದು ಚಿಟಿಕೆ ಹಿಟ್ಟು ನಾಲಿಗೆಗಿಟ್ಟು ಕೆಲಸ ಶುರು ಮಾಡಿದಳು.

ಉಪ್ಪು ತಿಂದವನು ನೀರು ಕುಡಿಯಬೇಕು.

ಇವತ್ತು ನಾಲ್ಕು ಸಲ. ಬನ್ನು ಒಂದು. ನೋಡುತ್ತ ಕೂತಿದ್ದೇನೆ.

ಅಕ್ಟೋಬರ್ ೧೬, ಶುಕ್ರವಾರ

ಹೆಂಡತಿಗೆ, "ನೀನಾದ್ರೂ ಹೇಳೇ ಅವಳಿಗೆ" ಅಂದೆ.

"ನಾನು ಎರಡು ವರ್ಷದಿಂದ ಹೇಳ್ತಿದೀನಿ. ಅವಳು ಕೇಳೋದು ನಿಮ್ಮ ಮಾತು ಮಾತ್ರ. ಅದೇ ಬಂದಿರೋ ಕಷ್ಟ."

"ನಾನು ಬಾಯಿ ತೆಗೆದ್ರೆ ಕೂಗಾಟ ಆಗುತ್ತೆ."

"ಹಾಗಾದ್ರೆ ಬಾಯಿ ತೆಗೀಬೇಡಿ" ಎಂದು ನನ್ನ ತೊಡೆಯ ಮೇಲಿದ್ದ ಈ ಪುಸ್ತಕದ ಕಡೆ ನೋಡಿ ಹೋದಳು.

ಅಕ್ಟೋಬರ್ ೧೭, ಶನಿವಾರ

ನಾಲ್ಕು ಹಾಳೆ ಹಾಳಾಯಿತು. ಒಂದರಲ್ಲಿ ಬೈಗುಳ ಹೆಚ್ಚಾಯಿತು, ಒಂದರಲ್ಲಿ ಅಳುಬುರುಕನ ಹಾಗೆ ಕಂಡಿತು, ಎರಡರಲ್ಲಿ ಅಕ್ಷರ ನನಗೇ ಓದಲಾಗಲಿಲ್ಲ. ಐದನೆಯದು ಪರವಾಗಿಲ್ಲ. ಅದನ್ನೇ ದೊಡ್ಡ ಅಕ್ಷರದಲ್ಲಿ ಮತ್ತೆ ಬರೆದಿದ್ದೇನೆ, ಕೆಳಗಿನಿಂದ ಕಾಣಬೇಕಲ್ಲ. ಗೋಧಿಯ ಅಂಟು ನನ್ನ ಕೋಣೆಗೆ ಬರುವ ಹಾಗಿಲ್ಲ. ಅನ್ನದ ಅಗುಳು ಹಿಸುಕಿ, ಬರಹ ಅವಳ ಕಡೆಗಿರುವಂತೆ ಹಾಳೆಗಳನ್ನು ಗಾಜಿಗೆ ಅಂಟಿಸಿದೆ. ಮೂರು ಹಾಳೆ ಬೇಕಾಯಿತು. ಈಗ ನನಗೆ ಭಟ್ಟಿ ಕಾಣುವುದಿಲ್ಲ. ಕಾಣದಿದ್ದರೆ ಬೇಡ.

ಬರೆದದ್ದು ಇದು, ಒಂದು ಪ್ರತಿ ನನಗಿರಲಿ:

ಮಗಳೇ,

ತೊಟ್ಟಿ ತೊಳೆಸದವನು ನಾನು. ನಲ್ಲಿ ರಿಪೇರಿಯವನಲ್ಲ.

ಆ ಮೂರನೇ ದಿನ ಬಾಗಿಲಲ್ಲಿ ನಿಂತು ಆಡಿದ ಮಾತು ಆಡಬಾರದಾಗಿತ್ತು.

ಚಿಟಿಕೆ ಹಿಟ್ಟು ಬಾಯಿಗಿಡಲು ಕಲಿಸಿದವನೂ ನಾನು. ಇನ್ನೊಂದು ಮಾತು ಕಲಿಸಿದ್ದೆನಲ್ಲ, ಭಟ್ಟಿ ಆರಬಾರದು ಎಂದು, ಅದು ತಪ್ಪು. ಭಟ್ಟಿ ಇಟ್ಟಿಗೆಯದು. ಆರಿದರೆ ಮತ್ತೆ ಹೊತ್ತುತ್ತದೆ. ಹೊತ್ತದಿದ್ದರೆ ಬೇರೆ ಏನಾದರೂ ಬೇಯಿಸೋಣ, ಅಕ್ಕಿಯದೋ ಜೋಳದ್ದೋ. ಕಲಿಯಲು ನನಗೆ ಇನ್ನೂ ವಯಸ್ಸಿದೆ.

ಬುಧವಾರ ಇಪ್ಪತ್ತೊಂದರ ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಯಲ್ಲಿ ನಿನ್ನ ಹೆಸರು ಬರೆಸಿದ್ದೇನೆ. ಆ ದಿನ ಬ್ರೆಡ್ ಇಲ್ಲ ಎಂದು ಹಲಗೆಯ ಮೇಲೆ ಸುಣ್ಣದಲ್ಲಿ ಬರೆದು ಅಳಿಯನ ಕೈಗೆ ಕೊಟ್ಟಿದ್ದೇನೆ, ಅಂಗಡಿ ಬಾಗಿಲ ಮುಂದೆ ನಿಲ್ಲಿಸುತ್ತಾನೆ. ಈ ಬೇಕರಿಯ ಮುಂದೆ ಅಂಥ ಹಲಗೆ ಇದೇ ಮೊದಲು. ಅಲ್ಲಿಯವರೆಗೆ ಎಂದಿನಂತೆ ಬನ್ನು ತಿನ್ನು, ಬಿಡಬೇಡ. ಡಾಕ್ಟರಮ್ಮನ ಮಾತು.

ಬರುತ್ತೀಯೋ ಇಲ್ಲವೋ? ಸುತ್ತಿ ಬಳಸಬೇಡ. ಮಂಗಳವಾರ ಇಪ್ಪತ್ತನೇ ತಾರೀಖು ಸಂಜೆ ಆರು ಗಂಟೆಯೊಳಗೆ ನನಗೆ ಉತ್ತರ ಬೇಕು.